ನಾನು ‘ವಾಸ್’ ಎಂದು ಬರೆದ ವರ್ಷ

ಹೋದ ತಿಂಗಳು ಮದುವೆಯೊಂದಕ್ಕೆ ಬೆಟಗೇರಿಗೆ ಹೋಗಿದ್ದೆ. ಗದಗಿನ ನಮ್ಮ ಮನೆಯಿಂದ ಬೆಟಗೇರಿ ದೂರವೇನಲ್ಲ, ಒಂದು ಆಟೊ ಹತ್ತಿದರೆ ಆಯಿತು. ಆದರೂ ಹಳೆಯ ಓಣಿಯ ಕಡೆ ಹೋಗದೆ ಎರಡು ವರ್ಷದ ಮೇಲಾಗಿತ್ತು. ಊಟ ಮುಗಿಸಿ ಸುಮ್ಮನೆ ಆ ಕಡೆ ನಡೆದೆ. ಓಣಿಯ ಉದ್ದಕ್ಕೂ ಯಾರೋ ಮಗ್ಗಕ್ಕೇರಿಸುವ ನೂಲಿನ ಹಾಸು ಕಟ್ಟಿ ಅದಕ್ಕೆ ಗಂಜಿ ಬಳಿಯುತ್ತಿದ್ದರು. ಹುಳಿ ಬಂದ ಗಂಜಿಯ ಆ ವಾಸನೆ ಮೂಗಿಗೆ ಬಡಿದಾಗ ನನಗೆ ನೆನಪಾದದ್ದು ಮಗ್ಗವಲ್ಲ, ಸೀರೆಯಲ್ಲ, ಇಂಗ್ಲಿಷ್ ವ್ಯಾಕರಣ. ಹೇಳಿದರೆ ಯಾರಾದರೂ ನಕ್ಕಾರು. ಆದರೆ ಆ ವರ್ಷ ನಮ್ಮ ಮನೆಯ ಪಡಸಾಲೆಯಲ್ಲಿ ಇವೆರಡೂ ಒಟ್ಟಿಗೇ ಇದ್ದವು, ನಡುವೆ ನಾನು ಹೊಟ್ಟೆಕಿಚ್ಚಿನಲ್ಲಿ ಬೇಯುತ್ತ ಓಡಾಡಿಕೊಂಡಿದ್ದೆ.

ಆಗ ನಾವು ಆ ಓಣಿಯಲ್ಲೇ ಕೂಡಿ ಇದ್ದೆವು. ಮಾವ ಈರಪ್ಪ, ಅವರ ಇಬ್ಬರು ಗಂಡುಮಕ್ಕಳು, ನಾವಿಬ್ಬರು ಸೊಸೆಯಂದಿರು, ಏಳನೆಯ ತರಗತಿಯಲ್ಲಿದ್ದ ನನ್ನ ಮಗಳು ಸ್ಫೂರ್ತಿ. ಅತ್ತೆ ತೀರಿಕೊಂಡು ಬಹಳ ವರ್ಷವಾಗಿತ್ತು. ನನ್ನ ಗಂಡ ಗದಗಿನ ಬಟ್ಟೆ ಅಂಗಡಿಯೊಂದರಲ್ಲಿ, ಮೈದುನ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಪಡಸಾಲೆಯ ಮಗ್ಗದ ಕುಣಿಗೆ, ಅಂದರೆ ಕಾಲು ಇಳಿಬಿಟ್ಟು ಕೂರುವ ಗುಂಡಿಗೆ, ಇಳಿದು ಕೂರುತ್ತಿದ್ದವರು ಮಾವ ಒಬ್ಬರೇ.

ಆ ಮನೆಯಲ್ಲಿ ಇಂಗ್ಲಿಷ್ ಅಂದರೆ ನಾನು. ಬಿ.ಕಾಂ. ಮಾಡಿದ್ದೆನಲ್ಲ! ಬ್ಯಾಂಕಿನ ಕಾಗದ, ಆಸ್ಪತ್ರೆಯ ರಿಪೋರ್ಟು, ಶಾಲೆಯ ನೋಟೀಸು, ಏನೇ ಬಂದರೂ ಓಣಿಯ ಹೆಂಗಸರು ನಮ್ಮ ಮನೆಗೇ ತರುತ್ತಿದ್ದರು. “ಶಕುಂತಲಾನ ಕಡೆ ಒಯ್ರಿ, ಆಕಿ ಓದಿ ಹೇಳ್ತಾಳ” ಅನ್ನುವ ಮಾತು ಕಿವಿಗೆ ಬಿದ್ದರೆ ಆ ದಿನವೆಲ್ಲ ನನಗೆ ಬೇರೆ ಏನೂ ಬೇಡವಾಗುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಗೊತ್ತಿದ್ದದ್ದು ಶಬ್ದಗಳು ಮಾತ್ರ. ನಾಲ್ಕು ಶಬ್ದ ಹಿಡಿದು ಉಳಿದದ್ದನ್ನು ಊಹಿಸುತ್ತಿದ್ದೆ. ವ್ಯಾಕರಣವನ್ನು ಪರೀಕ್ಷೆ ಬರೆದು ಹೊರಬಂದ ದಿನವೇ ಮರೆತಿದ್ದೆ. ಅದು ಯಾರಿಗೂ ಗೊತ್ತಿರಲಿಲ್ಲ.

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ಗಿರಿಜಾ, ಬೆಳ್ಳಟ್ಟಿಯವಳು. ಪೂರಾ ಕನ್ನಡ ಶಾಲೆಯಲ್ಲೇ ಕಲಿತು ಡಿ.ಎಡ್. ಮಾಡಿಕೊಂಡಿದ್ದಳು. ಶಿಕ್ಷಕರ ಪರೀಕ್ಷೆಯಲ್ಲಿ ಎರಡು ಸಲ ಇಂಗ್ಲಿಷ್ ಪತ್ರಿಕೆಯೇ ಅವಳನ್ನು ಕೆಡವಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

“ಅಕ್ಕಾರ, ನನಗ ದಿನಾ ಅರ್ಧ ತಾಸು ಇಂಗ್ಲಿಷ್ ಹೇಳಿಕೊಡ್ತೀರೇನ್ರಿ?”

“ನೋಡೂಣು ತಗೋ. ಮನಿ ಕೆಲಸ ಮುಗೀಲಿ” ಎಂದೆ. ಮನೆಗೆಲಸ ಮುಗಿಯದಂತೆ ನಾನೇ ನೋಡಿಕೊಂಡೆ. ಹೇಳಿಕೊಡಲು ಕೂತರೆ ನನ್ನ ಬಣ್ಣ ಬಯಲಾಗುತ್ತಿತ್ತು.

ಅವಳು ಮತ್ತೆ ಕೇಳಲಿಲ್ಲ. ಹರ್ತಿಯ ಕಡೆಯ ನಿವೃತ್ತ ಮಾಸ್ತರರೊಬ್ಬರು ನಮ್ಮ ಹಿಂದಿನ ಓಣಿಯಲ್ಲಿ ಮನೆ ಮಾಡಿದ್ದರು. ಸಂಜೆ ಐದಕ್ಕೆ ಅವರ ಕಟ್ಟೆಯ ಮೇಲೆ ಆರೇಳು ಜನರಿಗೆ ಇಂಗ್ಲಿಷ್ ವ್ಯಾಕರಣದ ಪಾಠ ನಡೆಯುತ್ತಿತ್ತು. ಗಿರಿಜಾ ಮಾವನ ಮುಂದೆ ನಿಂತು ಹೋಗಲೇ ಎಂದು ಕೇಳಿದಳು. ಮಾವ ಲಾಳಿಯಲ್ಲಿ ನೂಲಿನ ಕಂಡಿಕೆ ತುರುಕುತ್ತಲೇ ಹೇಳಿದರು, “ಹೋಗವಾ. ಕಲಿಯೂದು ಬ್ಯಾಡ ಅನ್ನಾಕ ನಾ ಯಾರು?”

ಆಷಾಢದ ಗಾಳಿ ಶುರುವಾಗಿತ್ತು. ಗದಗಿನ ಆಷಾಢ ಕಂಡವರಿಗೆ ಗೊತ್ತು, ಬಾಗಿಲುಗಳು ತಾವಾಗಿಯೇ ಬಡಿದುಕೊಳ್ಳುತ್ತವೆ, ಒಣಹಾಕಿದ ಬಟ್ಟೆ ಮೂರು ಮನೆ ದಾಟಿ ಹೋಗಿ ಬೀಳುತ್ತದೆ. ಆ ಗಾಳಿಯಲ್ಲಿ ನೋಟುಬುಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ತಲೆ ಬಗ್ಗಿಸಿ ಅವಳು ನಡೆದು ಹೋಗುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಹೋಗಲಿ, ಎರಡು ವಾರದಲ್ಲಿ ಸಾಕಾಗಿ ಬಿಡುತ್ತಾಳೆ ಎಂದುಕೊಂಡಿದ್ದೆ. ಅವಳು ಬಿಡಲಿಲ್ಲ. ರೊಟ್ಟಿ ಬಡಿಯುವಾಗಲೂ ಬಾಯಲ್ಲಿ ಅದೇ. ಒಂದು ಬಡಿತಕ್ಕೆ ‘ಐ ಗೋ’, ಇನ್ನೊಂದಕ್ಕೆ ‘ಐ ವೆಂಟ್’, ರೊಟ್ಟಿ ತಿರುವಿ ಹಾಕುವಾಗ ‘ಐ ಹ್ಯಾವ್ ಗಾನ್’. ಮಾವ ಪಡಸಾಲೆಯಿಂದ ಕೂಗುತ್ತಿದ್ದರು, “ಎಲ್ಲಿ ಹೋದ್ಯವಾ, ರೊಟ್ಟಿ ಹೊತ್ತಾಕತ್ತಾವು!” ಮನೆಯೆಲ್ಲ ನಗುತ್ತಿತ್ತು. ನನ್ನ ಜೊತೆ ಮಾವ ಹಾಗೆ ತಮಾಷೆ ಮಾಡಿದ್ದು ನನಗೆ ನೆನಪಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಮಗಳಿಂದ. ಒಂದು ಸಂಜೆ ಸ್ಫೂರ್ತಿ ಹೋಂವರ್ಕ್ ಹಿಡಿದು ಬಂದಳು. “ಮಮ್ಮಿ, ಎಲ್ಲಿ ‘ಸಿನ್ಸ್’ ಹಾಕಬೇಕು, ಎಲ್ಲಿ ‘ಫಾರ್’ ಹಾಕಬೇಕು?” ನನಗೆ ಗೊತ್ತಿರಲಿಲ್ಲ. “ಅದು ಹಂಗ ಇರತೈತಿ. ಬಾಯಿಪಾಠ ಮಾಡು” ಎಂದೆ. ಅವಳು ಪಡಸಾಲೆಗೆ ಹೋದಳು. ಸ್ವಲ್ಪ ಹೊತ್ತಿಗೆ ಗಿರಿಜಾಳ ದನಿ ಕೇಳಿಸಿತು.

“ನಿಮ್ಮ ಮುತ್ಯಾ ಮಗ್ಗದಾಗ ಯಾವಾಗಿಂದ ಕುಂತಾರ? ಮುಂಜಾನಿಂದ. ಎಲ್ಲಿಂದ ಶುರು ಆತು ಅಂತ ಹೇಳಿದ್ರ ‘ಸಿನ್ಸ್’. ಎಷ್ಟೊತ್ತು ಕುಂತಾರ? ಹತ್ತು ತಾಸು. ಎಷ್ಟು ಅಂತ ಅಳದು ಹೇಳಿದ್ರ ‘ಫಾರ್’. ತಿಳೀತಿಲ್ಲೋ?”

“ಅಷ್ಟೇನಾ ಕಾಕಿ!” ಎಂದು ಮಗಳು ಚಪ್ಪಾಳೆ ತಟ್ಟಿದಳು. ನನಗೂ ಆಗಲೇ ತಿಳಿದದ್ದು. ಅಷ್ಟು ವರ್ಷ ತಿಳಿಯದ್ದು ಒಂದು ನಿಮಿಷದಲ್ಲಿ ತಿಳಿಯಿತು. ಅದಕ್ಕೆ ಖುಷಿಯಾಗಬೇಕಿತ್ತು. ಆದರೆ ಒಲೆಯ ಮುಂದೆ ನಿಂತಿದ್ದ ನನಗೆ ಕಣ್ಣು ಉರಿಯಿತು. ಅಂದಿನಿಂದ ಮಗಳು ಪುಸ್ತಕ ಹಿಡಿದು ನನ್ನ ಹತ್ತಿರ ಬರುವುದು ನಿಂತಿತು.

ಎರಡನೆಯ ಪೆಟ್ಟು ಎದುರು ಮನೆಯ ಮಲ್ಲವ್ವ ಕೊಟ್ಟಳು. ಗಂಡನ ಆಸ್ಪತ್ರೆಯ ಕಾಗದ ಹಿಡಿದು ಬಂದವಳು ಹೊಸ್ತಿಲಲ್ಲೇ ನಿಂತು, “ಗಿರಿಜಾ ಇಲ್ಲೇನ್ರಿ?” ಎಂದಳು.

“ಕ್ಲಾಸಿಗೆ ಹೋಗ್ಯಾಳ. ಕೊಡ್ರಿ, ನಾ ಓದಿ ಹೇಳ್ತೀನಿ.”

“ಇರ್ಲಿ ಬಿಡ್ರಿ, ಆಕಿ ಬಂದ ಮ್ಯಾಲ ಬರ್ತೀನಿ.”

ಅವಳು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಾನು ಓದುವಾಗ ತಡವರಿಸುತ್ತೇನೆಂದು ಅವಳಿಗೆ ಯಾವತ್ತೋ ಗೊತ್ತಾಗಿದ್ದಿರಬೇಕು. ಮಾರನೆಯ ದಿನದಿಂದ ನಾನು ಸಂಜೆಯ ರೊಟ್ಟಿಯ ಪಾಳಿಯನ್ನು ಗಿರಿಜಾಳಿಗೆ ಹಾಕಿದೆ. ಸರಿಯಾಗಿ ಐದು ಗಂಟೆಗೆ. ಅವಳು ನನ್ನ ಮುಖ ನೋಡಿದಳು, “ಆತ್ರಿ” ಎಂದಳು. ಮರುದಿನ ನಾನು ಅಡುಗೆಮನೆಗೆ ಕಾಲಿಡುವ ಹೊತ್ತಿಗೆ, ಇನ್ನೂ ಮೂರೂವರೆ ಆಗಿರಲಿಲ್ಲ, ಬುಟ್ಟಿಯ ತುಂಬ ರೊಟ್ಟಿ ಬಡಿದು ಮುಚ್ಚಿಟ್ಟಿದ್ದಳು.

ಒಂದು ಮಧ್ಯಾಹ್ನ ಅವಳು ತರಕಾರಿಗೆ ಹೋದಾಗ ನಾನು ಅವಳ ನೋಟುಬುಕ್ಕು ತೆರೆದೆ. ಯಾಕೆ ತೆರೆದೆ ಎಂದರೆ ತಪ್ಪು ಹುಡುಕಲು. ಸಿಕ್ಕದ್ದು ಬೇರೆ. ವ್ಯಾಕರಣದ ಒಂದೊಂದು ಕಾಲಕ್ಕೂ ಅವಳು ಪುಸ್ತಕದ ಉದಾಹರಣೆ ಬಿಟ್ಟು ನಮ್ಮ ಮನೆಯದನ್ನೇ ಬರೆದುಕೊಂಡಿದ್ದಳು. ಯಾವಾಗಲೂ ನಿಜವಾಗಿರುವ ಸಂಗತಿಗಳು ಎಂಬ ಸಾಲಿನಡಿ ಮೊದಲನೆಯದು, ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ. ಎರಡನೆಯದು, ನಮ್ಮ ಅಕ್ಕನವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನನ್ನು ಆಡಿಕೊಂಡು ಬರೆದಿದ್ದಾಳೆ ಎಂದೇ ತಿಳಿದೆ. ಇನ್ನೊಂದು ಪುಟದಲ್ಲಿ, ಹಿಂದೆ ಶುರುವಾಗಿ ಇನ್ನೂ ನಡೆಯುತ್ತಿರುವ ಕೆಲಸಕ್ಕೆ ‘ಹ್ಯಾವ್ ಬೀನ್’, ‘ಹ್ಯಾಸ್ ಬೀನ್’ ಎಂದಿತ್ತು. ಆಗಿ ಮುಗಿದದ್ದಕ್ಕೆ ‘ವಾಸ್’. ಉದಾಹರಣೆಗೆ ಮಾವ ಮತ್ತು ಅವರ ಮಗ್ಗ. ಅದನ್ನು ಎರಡು ಸಲ ಓದಿದೆ. ಓದಿದ್ದು ತಲೆಯಲ್ಲಿ ಕೂತಿತು. ಅದೇ ಮುಂದೆ ನನ್ನ ಪಾಲಿಗೆ ಮುಳ್ಳಾಯಿತು. ಗೊತ್ತಿರಲಿಲ್ಲ ಎನ್ನುವ ನೆಪ ನನಗೆ ಉಳಿಯಲಿಲ್ಲ.

ಶ್ರಾವಣದಲ್ಲಿ ಮಾವನಿಗೆ ಒಂದು ಅರ್ಜಿಯ ನಮೂನೆ ಬಂತು. ದಿಲ್ಲಿಯಲ್ಲಿ ಕೈಮಗ್ಗದ ಮೇಳವಂತೆ, ಬೇರೆ ಬೇರೆ ಕಡೆಯ ಹಿರಿಯ ನೇಕಾರರು ಅಲ್ಲಿಯೇ ಮಗ್ಗ ಹೂಡಿ ಹತ್ತು ದಿನ ಜನರೆದುರು ನೇಯ್ದು ತೋರಿಸಬೇಕಂತೆ. ಅರ್ಜಿ ಇಂಗ್ಲಿಷಿನಲ್ಲಿರಬೇಕು, ತಮ್ಮ ಕೆಲಸದ ಬಗ್ಗೆ ಹತ್ತು ಸಾಲು ಬರೆಯಬೇಕು. ಮಾವ ಸೊಲ್ಲಾಪುರ ದಾಟಿ ಆಚೆ ಹೋದವರಲ್ಲ.

“ನಾ ನೇದ ಸೀರಿ ದಿಲ್ಲಿ ಮಟ ಹೋಗ್ಯಾವು. ನಾ ಹೋಗಿಲ್ಲ ನೋಡು” ಎಂದು ನಕ್ಕರು. ನಗುವಿನಲ್ಲಿ ಆಸೆ ಕಾಣುತ್ತಿತ್ತು. ನಮೂನೆಯನ್ನು ನನ್ನ ಕೈಗೇ ಕೊಟ್ಟರು. “ನೀ ಬರಿಯವಾ ಶಕುಂತಲಾ. ಹಿರೇ ಸೊಸಿ ನೀನು.”

ಎಷ್ಟೋ ದಿನದ ಮೇಲೆ ನನಗೆ ತಂಪೆನಿಸಿತು. ಅಂದೇ ಕೂತು ಬರೆದೆ. ಮೊದಲ ಸಾಲು, ‘ಐ ವಾಸ್ ವೀವಿಂಗ್ ಸಾರೀಸ್ ಫಾರ್ ಫಾರ್ಟಿ ಇಯರ್ಸ್.’ ‘ಫಾರ್’ ಸರಿಯಾಗಿ ಹಾಕಿದೆನೆಂದು ಒಳಗೊಳಗೇ ಹಿಗ್ಗಿದೆ. ಕಂಪ್ಯೂಟರ್ ಸೆಂಟರಿಗೆ ಹೊರಟಾಗ ಗಿರಿಜಾ ಬಾಗಿಲಲ್ಲಿ ಎದುರಾದಳು. ಕೈಯಲ್ಲಿದ್ದ ಹಾಳೆಯ ಮೇಲೆ ಅವಳ ಕಣ್ಣು ಓಡಿತು.

“ಅಕ್ಕಾರ, ಈ ‘ವಾಸ್’ ಅಂದ್ರ…”

“ಏನು?”

“ಮಾವಾರು ಇನ್ನೂ ನೇಯಾಕತ್ತಾರಲ್ರಿ. ‘ವಾಸ್’ ಅಂದ್ರ ಮುಗೀತು ಅಂದಂಗ ಆಗತೈತೇನೋ ಅಂತ…”

“ಬಿ.ಕಾಂ. ಮಾಡಿದಾಕಿಗೆ ನೀ ಇಂಗ್ಲಿಷ್ ಕಲಸ್ತೀಯೇನು?” ನನ್ನ ದನಿ ಓಣಿಗೆ ಕೇಳಿಸುವಷ್ಟು ಏರಿತ್ತು. ಅವಳು ದಾರಿ ಬಿಟ್ಟಳು.

ಕಂಪ್ಯೂಟರ್ ಸೆಂಟರಿನ ಹುಡುಗಿ ನಾನು ಬರೆದದ್ದನ್ನು ಹಾಗೆಯೇ ಟೈಪು ಮಾಡಿ ತೆರೆ ನನ್ನ ಕಡೆ ತಿರುಗಿಸಿದಳು. “ಒಂದ್ಸಲ ನೋಡಿಬಿಡ್ರಿ, ಕಳಿಸಿದ ಮ್ಯಾಲ ತಿದ್ದಾಕ ಬರಾಂಗಿಲ್ಲ.” ನೋಡಿದೆ. ಆ ನೋಟುಬುಕ್ಕಿನ ಪುಟ ಕಣ್ಣ ಮುಂದೆ ಬಂತು. ಗಿರಿಜಾ ಹೇಳಿದ್ದು ಸರಿಯಿದೆ ಎಂದು ನನಗೆ ಆ ಕ್ಷಣ ಖಚಿತವಾಗಿ ಗೊತ್ತಿತ್ತು. ಒಂದು ಶಬ್ದ ತೆಗೆದು ಎರಡು ಶಬ್ದ ಹಾಕಿದರೆ ಮುಗಿಯಿತು. ಆದರೆ ಹಾಕಿದರೆ ಮನೆಗೆ ಹೋಗಿ ಅವಳ ಮುಖ ನೋಡಬೇಕು. ನಾನು ಬದಲಿಸಿದೆನೆಂದು ಅವಳಿಗೆ ತಿಳಿಯದೆ ಇರುತ್ತದೆಯೇ? ಅಲ್ಲದೆ ಒಂದು ಶಬ್ದಕ್ಕೆ ದಿಲ್ಲಿಯವರು ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

“ಸರಿ ಐತಿ. ಕಳಿಸವಾ” ಎಂದೆ.

ದೀಪಾವಳಿಗೆ ಎರಡು ದಿನ ಮುಂಚೆ ಉತ್ತರ ಬಂತು. ಮಾವ ಮಗ್ಗದಿಂದ ಎದ್ದು ಬಂದು, ಕೈ ಒರೆಸಿಕೊಂಡು, ಪಡಸಾಲೆಯ ಕಂಬಕ್ಕೆ ಒರಗಿ ಕೂತರು. ಮನೆಯವರೆಲ್ಲ ಸೇರಿದ್ದರು. ನಾನು ಓದತೊಡಗಿದೆ, ಮೂರನೆಯ ಸಾಲಿಗೆ ನನ್ನ ದನಿ ನಿಂತಿತು. ಸ್ಫೂರ್ತಿ ಕಾಗದ ಕಸಿದುಕೊಂಡು ಓದಿ ಕನ್ನಡದಲ್ಲಿ ಹೇಳಿದಳು. ಅರ್ಜಿದಾರರು ಈ ಹಿಂದೆ ನೇಯುತ್ತಿದ್ದರೆಂದು ಅವರೇ ಬರೆದಿದ್ದಾರೆ, ಈ ಮೇಳ ಈಗ ಮಗ್ಗದ ಮೇಲಿರುವವರಿಗೆ ಮಾತ್ರ, ಆದ್ದರಿಂದ ಪರಿಗಣಿಸಲು ಆಗುವುದಿಲ್ಲ.

ಮಾವ ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು. “ನಾ ನೇಯೂದು ಬಿಟ್ಟೆ ಅಂತ ಯಾರು ಹೇಳ್ಯಾರ ಅವರಿಗೆ?”

ಈಗ ಗಿರಿಜಾ ಬಾಯಿ ತೆರೆಯುತ್ತಾಳೆ ಎಂದುಕೊಂಡೆ. ಅವಳು, “ಎಲ್ಲೋ ತಪ್ಪು ತಿಳಕೊಂಡಿರಬೇಕ್ರಿ ಮಾವಾರ. ಮತ್ತೊಮ್ಮಿ ಬರದು ನೋಡೂಣ್ರಿ” ಎಂದು ಒಳಗೆ ಹೋದಳು. ನನ್ನ ಹೆಸರೆತ್ತಲಿಲ್ಲ. ಅವಳು ನಾಲ್ಕು ಜನರೆದುರು ನನ್ನ ಮಾನ ಕಳೆದಿದ್ದರೆ ನಾನು ಅವಳ ಜೊತೆ ಜಗಳಕ್ಕಾದರೂ ಬೀಳಬಹುದಿತ್ತು. ವ್ಯಾಕರಣದಲ್ಲಿಯೂ ನನ್ನನ್ನು ಮೀರಿಸಿದಳು, ದೊಡ್ಡತನದಲ್ಲಿಯೂ ಮೀರಿಸಿದಳು ಎಂದು ಹಬ್ಬದ ಹೋಳಿಗೆ ಮಾಡುವಾಗಲೂ ಅದೇ ಕೊರಗು.

ಹಬ್ಬ ಮುಗಿದ ಮೇಲೆ ಒಂದು ಮಧ್ಯಾಹ್ನ, ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ, ಮಗ್ಗದ ಪಕ್ಕ ಹೋಗಿ ಕೂತೆ. “ಮಾವಾರ, ತಪ್ಪು ಅವರದಲ್ರಿ. ನಂದು” ಎಂದೆ.

ಮಾವ ಲಾಳಿ ನಿಲ್ಲಿಸಿದರು. “ಏನು ಬರದಿದ್ದಿ?”

“ನಲವತ್ತು ವರ್ಷ ನೇಯತಿದ್ದೆ ಅಂತ.”

“ಏನು ಬರೀಬೇಕಿತ್ತು?”

“ನಲವತ್ತು ವರ್ಷದಿಂದ ನೇಕೊಂತ ಬಂದೀನಿ ಅಂತ.”

ಇಂಗ್ಲಿಷಿನ ಒಂದಕ್ಷರ ಬಾರದ ಮನುಷ್ಯ. ಎರಡು ಮಾತನ್ನೂ ಬಾಯೊಳಗೆ ಮೆಲ್ಲಗೆ ಹೇಳಿ ನೋಡಿಕೊಂಡರು, ನೇಯತಿದ್ದೆ, ನೇಕೊಂತ ಬಂದೀನಿ. ನಾನು ಮೂರು ವರ್ಷ ಕಾಲೇಜಿನಲ್ಲಿ ಕಲಿಯದ್ದು ಅವರಿಗೆ ಅಷ್ಟರಲ್ಲಿ ತಿಳಿಯಿತು.

“ಅಂದ್ರ ಒಂದು ಮಾತಿನಾಗ ನನ್ನನ್ನ ಮಗ್ಗದಿಂದ ಎಬ್ಬಿಸಿಬಿಟ್ಟಿ” ಎಂದರು. ನನ್ನ ಕಡೆ ತಿರುಗಿ ಕೇಳಿದರು, “ಬರಿಯೂವಾಗ ಗೊತ್ತಿತ್ತೇನು?”

“ಬರಿಯೂವಾಗ ಲಕ್ಷ್ಯಕ್ಕ ಬರಲಿಲ್ರಿ. ಕಳಿಸೂವಾಗ ಗೊತ್ತಿತ್ತು. ಗಿರಿಜಾ ಹೇಳಿದ್ಲು. ಆಕಿ ಹೇಳಿದ್ದಕ್ಕ ತಿದ್ದಲಿಲ್ಲ.”

ಅವರು ಬೈಯಲಿಲ್ಲ. ಲಾಳಿ ಮತ್ತೆ ಓಡತೊಡಗಿತು. ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ. ಚಹಾ ಬೇಕಾದರೆ “ಗಿರಿಜಾ” ಎಂದು ಕೂಗುತ್ತಿದ್ದರು. ತಪ್ಪು ಒಪ್ಪಿಕೊಂಡ ಮೇಲೆ ಮನಸ್ಸು ಹಗುರವಾಗುತ್ತದೆ ಅನ್ನುತ್ತಾರೆ. ನನಗೆ ಹಾಗಾಗಲಿಲ್ಲ. ಆ ಕೂಗು ಕೇಳಿದಾಗಲೆಲ್ಲ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು. ಒಂಬತ್ತನೆಯ ದಿನ ನಮ್ಮಿಬ್ಬರನ್ನೂ ಕರೆದರು. “ಮತ್ತೊಂದು ಕಾಗದ ಬರಿ ಶಕುಂತಲಾ. ನೀನ ಬರಿ. ಬರದು ಗಿರಿಜಾಗ ತೋರಿಸು. ಆಕಿ ಹೂಂ ಅಂದ ಮ್ಯಾಲ ಕಳಸ್ರಿ.”

ಬರೆದೆ. ಅವಳ ಮುಂದೆ ಹಾಳೆ ಇಟ್ಟೆ. ಅವಳು ಪೆನ್ಸಿಲಿನಿಂದ ನಾಲ್ಕು ಕಡೆ ಸಣ್ಣಗೆ ಗುರುತು ಮಾಡಿದಳು. ಪ್ರತಿ ಗುರುತಿಗೂ ಯಾಕೆಂದು ಕೇಳಿದೆ, ಪ್ರತಿಯೊಂದಕ್ಕೂ ಹೇಳಿದಳು. ಹೇಳುವಾಗ ಅವಳ ಕಿವಿಗಳು ಕೆಂಪಾಗಿದ್ದವು. ಅಂದಿನಿಂದ ರೊಟ್ಟಿಯಾದ ಮೇಲೆ ಅರ್ಧ ತಾಸು ನಾನು ಅವಳ ಹತ್ತಿರ ಕೂತೆ. ಕಲಿಯಬೇಕೆಂಬ ಹಂಬಲ ಎಷ್ಟಿತ್ತೋ, ಅವಳಿಗೆ ಸರಿಸಮ ಆಗಬೇಕೆಂಬ ಉರಿ ಅದಕ್ಕಿಂತ ಹೆಚ್ಚಿತ್ತು.

ಪತ್ರಕ್ಕೆ ಒಳ್ಳೆಯ ಉತ್ತರವೇ ಬಂತು. ಈ ವರ್ಷದ ಪಟ್ಟಿ ಮುಗಿದಿದೆ, ಮುಂದಿನ ಸಲ ಖಂಡಿತ ನೋಡುತ್ತೇವೆ ಎಂದಿದ್ದರು. ಮಾವ ಆ ಕಾಗದವನ್ನು ಮಡಿಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಒಂದು ವಾರ ಓಡಾಡಿದರು.

ಮುಂದಿನ ಸಲ ಬಂತು. ಆದರೆ ನಡುವೆ ಒಂದು ಬೇಸಿಗೆ ದಾಟಿತ್ತು. ಯುಗಾದಿಯ ಹೊತ್ತಿಗೆ ಮಾವನ ಮೊಣಕಾಲು ಕುಣಿಗೆ ಇಳಿಯಲು ಒಪ್ಪುತ್ತಿರಲಿಲ್ಲ. ಕಣ್ಣಿನ ಆಪರೇಷನ್ ಆದರೂ ನೋಟ ಮಂದವಾಗಿ, ಹರಿದ ಎಳೆ ಕೂಡಿಸುವುದು ಅವರಿಂದ ಆಗದಾಯಿತು. ಜ್ಯೇಷ್ಠದಲ್ಲಿ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದರು. ಗಿರಿಜಾಳ ಪರೀಕ್ಷೆಯ ಫಲ ಬಂದು, ಅವಳಿಗೆ ಮುಂಡರಗಿ ಕಡೆಯ ಶಾಲೆಯಲ್ಲಿ ಕೆಲಸವಾಯಿತು. ಓಣಿಯೆಲ್ಲ ಬಂದು ಅವಳಿಗೆ ಸಕ್ಕರೆ ತಿನ್ನಿಸಿದರು, ನಾನೂ ತಿನ್ನಿಸಿದೆ. ಅದಾದ ಹದಿನೈದು ದಿನಕ್ಕೆ ದಿಲ್ಲಿಯಿಂದ ಕರೆ ಬಂತು. ಮಾವನ ಹೆಸರು ಪಟ್ಟಿಯಲ್ಲಿತ್ತು.

ಈ ಸಲ ತಡವರಿಸದೆ ಓದಿದೆ. ಮಾವ ಕೇಳಿಸಿಕೊಂಡು ಖಾಲಿ ಕುಣಿಯ ಕಡೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಚುಚ್ಚುವ ಉದ್ದೇಶ ಎಳ್ಳಷ್ಟೂ ಇಲ್ಲದೆ ಹೇಳಿದರು, “ಅವತ್ತು ನೀ ಬರದದ್ದು ಈಗ ಖರೆ ಆತು ನೋಡವಾ.”

ಬರಲಾಗುವುದಿಲ್ಲವೆಂದು ತಿಳಿಸಬೇಕಲ್ಲ. ಗಿರಿಜಾ ಸಾಮಾನು ಒಯ್ಯಲು ಮುಂಡರಗಿಯಿಂದ ಬಂದಿದ್ದಳು. ಇಬ್ಬರೂ ಪಡಸಾಲೆಯಲ್ಲಿ ಹಾಳೆ ಹಿಡಿದು ಕೂತೆವು. ಈ ಸಲ ನಾನು ಹೇಳುವುದು, ಅವಳು ಬರೆಯುವುದು ಎಂದಾಯಿತು. ‘ಐ ವಾಸ್’ ಎಂದು ಬರೆದು ಅವಳ ಪೆನ್ನು ನಿಂತಿತು.

“ಅಕ್ಕಾರ, ಒಂದು ಮಾತು ಹೇಳ್ಲೇನ್ರಿ?”

“ಹೇಳು.”

“ಅವತ್ತು ನೀವು ಬೈದ ಮ್ಯಾಲ ನಾ ಮಾವಾರಿಗೆ ಹೋಗಿ ಹೇಳಬಹುದಿತ್ತು. ಕಂಪ್ಯೂಟರ್ ಸೆಂಟರಿಗೆ ಓಡಿ ಬರಬಹುದಿತ್ತು. ಅರ್ಜಿ ಕಳಿಸೂ ತಾರೀಖಿಗೆ ಇನ್ನೂ ಎರಡು ದಿನ ಇತ್ರಿ, ನನಗ ಗೊತ್ತಿತ್ತು.” ಅವಳು ತಲೆ ಎತ್ತಲಿಲ್ಲ. “ಹೋಗಲಿಲ್ಲ. ನಾ ಬಂದಾಗಿಂದ ಎಲ್ಲಾರ ಬಾಯಾಗ ಶಕುಂತಲಾ, ಶಕುಂತಲಾ. ಕಲಸ್ರಿ ಅಂದ್ರ ನೀವು ಕಲಸಲಿಲ್ಲ. ನಿಮ್ಮದು ತಪ್ಪಾಗ್ಲಿ, ಎಲ್ಲಾರಿಗೂ ಗೊತ್ತಾಗ್ಲಿ ಅಂತ ಸುಮ್ಮನ ಕುಂತೆ. ಆಮ್ಯಾಲ ಮಾವಾರ ಮುಖಾ ನೋಡಿ ಬಾಯಿ ಬರಲಿಲ್ಲ. ನೀವು ಅದನ್ನ ನನ್ನ ದೊಡ್ಡಗುಣ ಅಂತ ತಿಳಕೊಂಡಿರಬೇಕು. ದೊಡ್ಡಗುಣ ಅಲ್ರಿ ಅದು.”

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳೂ ಒಳಗೆ ಬೇಯುತ್ತಿದ್ದಳು, ಅದೂ ನನ್ನನ್ನು ಕಂಡು, ನನ್ನ ಆ ಹರಕು ಇಂಗ್ಲಿಷನ್ನು ಕಂಡು! ಆ ಒಂದು ವರ್ಷದಲ್ಲಿ ನಾನು ಅವಳನ್ನು ಮೊದಲ ಸಲ ಸರಿಯಾಗಿ ನೋಡಿದೆ. ನಾವಿಬ್ಬರೂ ಒಬ್ಬರನ್ನೊಬ್ಬರು ಸೋಲಿಸಲು ಹೋಗಿದ್ದೆವು. ಸೋತವರು ಒಳಕೋಣೆಯಲ್ಲಿ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದರು.

ಒಳಗಿನಿಂದ ಮಾವನ ದನಿ ಬಂತು. “ಬರದು ಆತೇನ್ರವಾ? ಸಹಿ ಮಾಡ್ಲೇನು?”

ಹಾಳೆಯ ಮೇಲೆ ಇದ್ದದ್ದು ಎರಡೇ ಶಬ್ದ. ಇಬ್ಬರ ಕಣ್ಣೂ ತುಂಬಿ ಮುಂದಿನದು ಕಾಣುತ್ತಿರಲಿಲ್ಲ. ಗಿರಿಜಾ ನನ್ನ ಕೈ ಹಿಡಿದಳು. ನಾನೇ ಕೂಗಿ ಹೇಳಿದೆ.

“ಇನ್ನೂ ಬರಿಯಾಕತ್ತೀವ್ರಿ, ಮಾವಾರ.”